ಅಕ್ಕನ ಟಿಸಿಗಾಗಿ ಒಂಬತ್ತು ದಿನ

ಬಸವಕಲ್ಯಾಣದಲ್ಲಿ ಕಚೇರಿಗಳ ಎದುರು ಝೆರಾಕ್ಸ್ ಅಂಗಡಿ ಇಟ್ಟುಕೊಂಡವನು ನಗುವಿಗಾಗಿ ಬೇರೆಲ್ಲೂ ಹೋಗಬೇಕಾಗಿಲ್ಲ. ಬೆಳಗ್ಗೆ ಷಟರ್ ಎತ್ತಿದರೆ ಸಾಕು, ನಗುವೇ ಕೈಯಲ್ಲಿ ಕಾಗದ ಹಿಡಿದುಕೊಂಡು ಬಂದು ಸಾಲಿನಲ್ಲಿ ನಿಲ್ಲುತ್ತದೆ. ಮೊನ್ನೆ ಒಬ್ಬರು ಮಗನ ಟಿಸಿ ತಂದು ನನ್ನ ಮುಂದೆ ಹರವಿದರು. "ಇದರಾಗ ನಡತೆ ಉತ್ತಮ ಅಂತ ಬರದಾರ್ರಿ. ಯಾರದೋ ಹುಡುಗನ ಕಾಗದ ನಮಗ ಕೊಟ್ಟಾರ. ಜರಾ ನೋಡಿ ಹೇಳ್ರಿ" ಅಂದರು. ಹೆಸರು, ತಂದೆಯ ಹೆಸರು, ಎಲ್ಲ ಸರಿ ಇದ್ದವು. ಆದರೂ ಅವರು ಅನುಮಾನದಿಂದಲೇ ಮನೆಗೆ ಹೋದರು.

ನಾನು ಝೆರಾಕ್ಸ್ ಜೊತೆಗೆ ಅರ್ಜಿಯನ್ನೂ ಬರೆದುಕೊಡುತ್ತೇನೆ. ಮಾತಿಗೆ ಉಪ್ಪುಖಾರ ಹಚ್ಚುವವನು ಅಂತ ಊರಲ್ಲಿ ನನಗೊಂದು ಹೆಸರಿದೆ. ಅದನ್ನು ಅಲ್ಲಗಳೆಯುವುದಿಲ್ಲ. ಕೆಳಗೆ ಹೇಳುವುದರಲ್ಲಿ ರೂಪಾಯಿಗೆ ಹನ್ನೆರಡಾಣೆ ಖರೇ ಇದೆ. ಉಳಿದ ನಾಲ್ಕಾಣೆ ಯಾವುದು ಎಂಬುದು ನನ್ನ ಹೆಂಡತಿಗೂ ಗೊತ್ತಿಲ್ಲ.

ಮೂರು ಸಲ ಓದಿದಾಕಿ

ನನ್ನ ಅಕ್ಕನನ್ನು ಮೋರಖಂಡಿಗೆ ಕೊಟ್ಟಿದ್ದೇವೆ. ವಯಸ್ಸು ಐವತ್ತೊಂದು, ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವಳು. ಒಂದು ದಿನ ಬೆಳಗಿನ ಬಸ್ಸಿಗೆ ಬಂದು, ಅಂಗಡಿಯ ಸ್ಟೂಲಿನ ಮೇಲೆ ಕೂತು, ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದಳು:

"ತಮ್ಮಾ, ಹತ್ತನೇ ಪರೀಕ್ಷಾದ ಅರ್ಜಿ ತುಂಬು."

"ಯಾರಿಗೆ? ನಿನ್ನ ಮೊಮ್ಮಗ ಇನ್ನಾ ತೊಟ್ಟಿಲದಾಗ ಇದ್ದಾನಲ್ಲ?"

"ನನಗ."

ನಾನು ನಕ್ಕೆ. ಅಂಗಡಿಯಲ್ಲಿ ಇನ್ನೂ ನಾಲ್ಕೈದು ಮಂದಿ ಇದ್ದರು, ಅವರೂ ನಕ್ಕರು. ಅಕ್ಕ ನಗಲಿಲ್ಲ. "ಏಳನೇದಾಗ ಸಾಲಿ ಬಿಟ್ಟಾಕಿ ನಾ. ಆದ್ರ ಮೂರು ಮಕ್ಕಳಿಗೆ ಓದಸಕೋತ ಮೂರು ಸಲ ಹತ್ತನೇ ಓದೀನಿ. ಪರೀಕ್ಷಾ ಅಷ್ಟ ಅವು ಬರದವು. ಈ ಸಲ ನಾ ಬರೀತೀನಿ" ಅಂದಳು.

ನನ್ನನ್ನು ಕುಚೇಷ್ಟೆ ಸುಮ್ಮನಿರಲು ಬಿಡಬೇಕಲ್ಲ! "ಹಂಗಾದ್ರ ಎಲಿ ಹ್ಯಾಂಗ ಅಡಿಗಿ ಮಾಡತದ ಹೇಳು ನೋಡೋಣ" ಅಂದೆ. ಅಕ್ಕ ನನ್ನ ಕೈಯಿಂದ ಪೆನ್ನು ಕಸಿದುಕೊಂಡಳು. ಯಾರದೋ ಪಹಣಿಯ ಕೆಟ್ಟ ಪ್ರತಿಯ ಹಿಂದೆ ಎಲೆ ಬರೆದಳು. ಸೂರ್ಯನನ್ನು ಬರೆದಳು, ನೀರು ಬೇರಿನಿಂದ ಏರುವುದನ್ನು ಬಾಣದ ಗುರುತು ಹಾಕಿ ತೋರಿಸಿದಳು. ಹರಿತ್ತು, ರಂಧ್ರ, ಸಕ್ಕರೆ, ಎಲ್ಲ ಒಂದೇ ಉಸಿರಿನಲ್ಲಿ ಮುಗಿಸಿ ಪೆನ್ನು ವಾಪಸ್ ಕೊಟ್ಟಳು. ನಗುತ್ತಿದ್ದವರು ಬಾಯಿ ಮುಚ್ಚಿಕೊಂಡು ಕೇಳುತ್ತಿದ್ದರು.

ಅರ್ಜಿ ತುಂಬಲು ಒಂಬತ್ತೇ ದಿನ ಉಳಿದಿದ್ದವು. ಎರಡು ಕಾಗದ ಬೇಕು: ಮೊದಲು ಸೇರಿದ ಶಾಲೆಯಿಂದ ಹುಟ್ಟಿದ ತಾರೀಖು, ಕೊನೆಗೆ ಕಲಿತ ಶಾಲೆಯಿಂದ ಟಿಸಿ. ಹುಮನಾಬಾದಿನಲ್ಲಿ ಸೇರಿದವಳು, ಬಸವಕಲ್ಯಾಣದಲ್ಲಿ ಬಿಟ್ಟವಳು. ಎರಡೂ ಕಡೆ ಯಾವ ಕಾಗದವನ್ನೂ ನಮ್ಮ ಮನೆಯವರು ತಂದಿರಲಿಲ್ಲ.

"ಸಿಗಲಿಲ್ಲಂದ್ರ ಮುಂದಿನ ವರ್ಷ ನೋಡೋಣ ಬಿಡಕ್ಕ" ಅಂದೆ.

"ಮುಂದಿನ ವರ್ಷ ಅನ್ನಕೋತನ ಐವತ್ತೊಂದು ಆಗ್ಯಾವ. ಈ ವರ್ಷಾನೇ ಆಗಬೇಕು."

ನಾನು ಅರ್ಜಿಯ ನಮೂನೆ ತೆಗೆದೆ. ಸಾಲಿನಲ್ಲಿದ್ದ ಒಬ್ಬ ಗೃಹಸ್ಥ ಇದನ್ನೆಲ್ಲ ಕೇಳುತ್ತಿದ್ದ. ಮುಂದೆ ಬಾಗಿ ಬಹಳ ಮರ್ಯಾದೆಯಿಂದ ಕೇಳಿದ: "ಮೇಡಂ, ಟ್ಯೂಷನ್ ಎಲ್ಲಿ ಹೇಳತೀರಿ? ನನ್ನ ಮಗ ಎರಡು ಸಲ ಫೇಲ್ ಆಗಿ ಕುಂತಾನ."

ಪಾಲಕರ ಸಹಿ

ಅರ್ಜಿ ತೆಗೆದುಕೊಳ್ಳುವ ಹೈಸ್ಕೂಲಿನ ಗುಮಾಸ್ತರು ಕಾಗದವನ್ನು ಮೇಲಿಂದ ಕೆಳಗೆ ಓದಿ, ಕೆಳಗಿನ ಒಂದು ಖಾನೆಯ ಮೇಲೆ ಬೆರಳಿಟ್ಟರು. "ಪಾಲಕರ ಸಹಿ ಎಲ್ಲದ?"

"ಸಾಹೇಬ್ರ, ಅಭ್ಯರ್ಥಿಗೆ ಐವತ್ತೊಂದು ವರ್ಷ."

"ಇರಲಿ. ಕಂಪ್ಯೂಟರಿಗೆ ವಯಸ್ಸು ತಿಳಿಯಂಗಿಲ್ಲ. ಖಾಲಿ ಖಾನಿ ಮಾತ್ರ ತಿಳೀತದ."

"ಅಪ್ಪ ಅವ್ವ ಇಬ್ಬರೂ ತೀರಿ ಹೋಗ್ಯಾರ್ರಿ."

"ಅವರ ಜಾಗಾದಾಗ ಯಾರ ಇದ್ದಾರ, ಅವರನ್ನ ಕರೀರಿ."

ನಮ್ಮ ಮಾವ, ಅಂದರೆ ಅಕ್ಕನ ಗಂಡ, ಅಂದು ತೊಗರಿಯ ಧಾರಣೆ ಕೇಳಲು ಮಾರ್ಕೆಟ್ಟಿಗೆ ಬಂದಿದ್ದರು. ಫೋನ್ ಮಾಡಿ ಕರೆಸಿದೆ. ಮಾವ ಬಂದರು, ಕೈಯ ಧೂಳನ್ನು ಧೋತರಕ್ಕೆ ಒರೆಸಿಕೊಂಡರು, ಆ ಖಾನೆಯನ್ನು ಮೂರು ಸಲ ಓದಿದರು. ಮದುವೆಯಾಗಿ ಮೂವತ್ತಮೂರು ವರ್ಷವಾಗಿತ್ತು. ಅಕ್ಕ ಮಾವನ ಮಾತು ಕೇಳಬೇಕು ಎಂದು ಯಾರಾದರೂ ಬರವಣಿಗೆಯಲ್ಲಿ ಒಪ್ಪಿದ್ದು ಅದೇ ಮೊದಲು. ಮಾವ ನಿಧಾನಕ್ಕೆ, ಜಮೀನಿನ ಕಾಗದಕ್ಕೆ ಸಹಿ ಮಾಡುವಷ್ಟು ಗಾಂಭೀರ್ಯದಿಂದ ಸಹಿ ಮಾಡಿದರು. "ಇನ್ನ ಜವಾಬ್ದಾರಿ ನಂದು" ಅಂತಲೂ ಅಂದರು. ನಾನು ಆಗಲೇ ತಡೆಯಬೇಕಾಗಿತ್ತು.

ಅಂದು ಸಂಜೆಯಿಂದ ಮಾವನಿಗೆ ಪಾಲಕತ್ವ ಏರಿತು. ಹೊಲದಿಂದ ಬಂದು ಕಾಲು ತೊಳೆಯುವ ಮೊದಲೇ "ಇವತ್ತ ಎಷ್ಟ ಪಾಠ ಆದವು?" ಅಂತ ಕೇಳತೊಡಗಿದರು. ಅಕ್ಕ ಧಾರಾವಾಹಿ ಹಚ್ಚಿದರೆ ಎದ್ದು ಟಿವಿ ಆರಿಸುತ್ತಿದ್ದರು. ಪಕ್ಕದ ಮನೆಯಾಕೆ ಮಾತಿಗೆ ಬಂದರೆ "ಆಕಿ ಓದಾಕತ್ತಾಳ, ಪರೀಕ್ಷಾ ಮುಗಿದ ಮ್ಯಾಲ ಬರ್ರಿ" ಅಂತ ಬಾಗಿಲಲ್ಲೇ ತಿರುಗಿಸಿ ಕಳಿಸಿದರು. ಅಕ್ಕ ಮೂರು ದಿನ ಸಹಿಸಿದಳು. ನಾಲ್ಕನೆಯ ದಿನ ಪುಸ್ತಕದಿಂದ ತಲೆ ಎತ್ತದೆಯೇ ಹೇಳಿದಳು:

"ಓದೋ ಮಕ್ಕಳಿಗೆ ಪಾಲಕರು ಮುಂಜಾನೆ ಎದ್ದು ಹಾಲು ಕಾಸಿ ಕೊಡತಾರ, ರೊಟ್ಟಿ ಬಡದು ಡಬ್ಬಿ ಕಟ್ಟತಾರ. ಏಳ್ರಿ, ಒಲಿ ಹಚ್ರಿ."

ಮರುದಿನ ಬೆಳಗ್ಗೆ ಮಾವನ ಫೋನ್ ಬಂತು. ಹಿಂದೆ ಪಾತ್ರೆ ಬಿದ್ದ ಸಪ್ಪಳ ಕೇಳುತ್ತಿತ್ತು. "ಏನಪಾ, ಆ ಸಹಿ ವಾಪಸ್ ತಗೊಳ್ಳಾಕ ಅರ್ಜಿ ಬರದು ಕೊಡತಿಯೇನು?"

ನಲವತ್ತೊಂದು ನಾಯಿಕಡಿತ

ಇತ್ತ ಸಹಿಯಾದ ಮರುದಿನವೇ ನಾನೂ ಅಕ್ಕನೂ ಹುಮನಾಬಾದಿಗೆ ಹೋಗಿದ್ದೆವು. ಅಕ್ಕ ಒಂದರಿಂದ ನಾಲ್ಕರವರೆಗೆ ಕಲಿತ ಶಾಲೆ. ಕಟ್ಟಡ ಹೊಸದು, ಕಪಾಟು ಹಳೆಯದು. ಅಲ್ಲಿನ ಗುಮಾಸ್ತರು ಒಳ್ಳೆಯವರು. ಅರ್ಜಿ ತೆಗೆದುಕೊಂಡರು, ಕುಳಿತುಕೊಳ್ಳಲು ಹೇಳಿದರು, ಆ ವರ್ಷದ ದಾಖಲಾತಿ ವಹಿ ತೆಗೆದು ಧೂಳು ಊದಿದರು. ಧೂಳೆಲ್ಲ ನನ್ನ ಮೇಲೆ ಬಂತು, ಅಕ್ಕನ ಹೆಸರು ಅವರಿಗೆ ಸಿಕ್ಕಿತು. ಹುಟ್ಟಿದ ತಾರೀಖು ಇತ್ತು, ಅಪ್ಪನ ಹೆಸರು ಇತ್ತು, ಕಸಬು ದರ್ಜಿ ಅಂತ ಇತ್ತು. ಕೆಲಸ ಆಯಿತು ಅಂದುಕೊಂಡೆ.

"ಗುರುತಿನ ಚಿಹ್ನೆ ಒಂದು ಕೂಡಸಿ ನೋಡಬೇಕ್ರಿ" ಅಂದರು ಗುಮಾಸ್ತರು. "ಎಡ ಮೊಣಕಾಲ ಕೆಳಗ ನಾಯಿ ಕಚ್ಚಿದ ಗುರುತು. ಅದನಾ?"

ಅಕ್ಕ ಗಾಬರಿಯಾದಳು. "ನನಗ ಯಾವ ನಾಯೀನೂ ಕಡದಿಲ್ರಿ."

"ಇಲ್ಲಿ ಕಡದದಲ್ಲ?"

ನಾನು ಎದ್ದು ಇಣುಕಿದೆ. ಆ ಪುಟದ ಮೊದಲ ಹುಡುಗನ ಮುಂದೆ, ಚಂದದ ಅಕ್ಷರದಲ್ಲಿ, ನಾಯಿ ಕಚ್ಚಿದ ಗುರುತು ಎಂದು ಬರೆದಿತ್ತು. ಅದರ ಕೆಳಗೆ ಎರಡು ಸಣ್ಣ ಗೀರು, ಅಂದರೆ ಮೇಲಿನಂತೆಯೇ ಎಂದು. ಅದರ ಕೆಳಗೆ ಮತ್ತೆರಡು ಗೀರು. ಹೀಗೆ ಪುಟದ ಕೊನೆಯವರೆಗೆ, ಪುಟ ತಿರುಗಿಸಿದರೆ ಅಲ್ಲಿಯೂ. ಎಣಿಸಿದೆ: ನಲವತ್ತೊಂದು ಮಕ್ಕಳು. ಬೇಸಗೆಯ ಮಧ್ಯಾಹ್ನ, ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕರೆದು ಕೈಕಾಲು ನೋಡಿ ಬರೆಯುವ ಉಸಾಬರಿ ಯಾರಿಗೆ ಬೇಕು ಅಂತ ಆ ಕಾಲದ ಮಾಸ್ತರರಿಗೆ ಅನಿಸಿರಬೇಕು. ಒಬ್ಬರ ಕೈ ದಣಿದರೆ ನಲವತ್ತೊಂದು ಮಂದಿ ಆಯುಷ್ಯವಿಡೀ ಕುಂಟಬೇಕು ನೋಡಿ.

"ಚಿಹ್ನೆ ಕೂಡಲಿಲ್ಲಂದ್ರ ದಾಖಲೆ ನಿಮ್ದಂತ ನಾ ಹ್ಯಾಂಗ ಬರೀಲಿ ತಾಯಿ?" ಗುಮಾಸ್ತರಿಗೂ ಸಂಕಟ.

"ಸಾಹೇಬ್ರ, ಅರ್ಧ ತಾಸು ಟೈಮ್ ಕೊಡ್ರಿ" ಅಂದೆ ನಾನು. "ಬಸ್ ಸ್ಟ್ಯಾಂಡ್ ಕಡೆ ನಾಯಿ ಭಾಳ ಅವ. ಕೂಡಿಸಿಕೊಂಡು ಬರತೀವಿ."

ಅಕ್ಕ ನನ್ನ ಕಡೆ ನೋಡಿದ ನೋಟಕ್ಕೆ ನಾಯಿಯೇ ಬೇಕಾಗಿರಲಿಲ್ಲ. ಆದರೆ ಗುಮಾಸ್ತರು ನನ್ನ ಮಾತು ಕೇಳಲೇ ಇಲ್ಲ. ಅವರ ಬೆರಳು ಪುಟದ ಇನ್ನೊಂದು ಹೆಸರಿನ ಮೇಲೆ ನಿಂತಿತ್ತು. "ಅರೇ, ಇದು ನಮ್ಮ ಅಣ್ಣ! ಇವನಿಗೂ ಕಡದದ!" ಅಂದವರೇ ಫೋನ್ ತೆಗೆದು ಸ್ಪೀಕರಿಗೆ ಹಾಕಿದರು.

"ಅಣ್ಣಾ, ನಿನಗ ಎಡಗಾಲಿಗೆ ನಾಯಿ ಕಡದಿತ್ತೇನು?"

"ಯಾವಾಗ?"

"ಒಂದನೇ ಇಯತ್ತೆದಾಗ."

ಆ ಕಡೆ ಕುರ್ಚಿ ಸರಿದ ಸಪ್ಪಳ ಕೇಳಿತು. ಧೋತರ ಎತ್ತಿ ನೋಡಿಕೊಂಡರೋ ಏನೋ. "ನನಗ ನೆಪ್ಪಿಲ್ಲಪಾ. ಸಾಲಿ ಪುಸ್ತಕದಾಗ ಬರದದೇನು?"

"ಬರದದ."

"ಹಂಗಾದ್ರ ಕಡದಿರಬೇಕು" ಅಂದರು ಅಣ್ಣ. "ಈಗ ಇಂಜಕ್ಷನ್ ತಗೊಂಡ್ರ ನಡೀತದೇನು ಕೇಳು."

ಗುಮಾಸ್ತರು ಫೋನ್ ಕೆಳಗಿಟ್ಟು, ವಹಿ ನೋಡಿ ಅಕ್ಕನ ದಾಖಲೆಯ ಉತಾರ ಬರೆದುಕೊಟ್ಟರು. ಚಿಹ್ನೆಯ ಖಾನೆಯಲ್ಲಿ ಎರಡು ಸಣ್ಣ ಗೀರು ಎಳೆದರು.

ಸಾಹೇಬರು ಬಂದು ಹೋದದ್ದು

ಉಳಿದದ್ದು ಟಿಸಿ. ಬಸವಕಲ್ಯಾಣದ ಶಾಲೆಗೆ ಅಕ್ಕ ಒಬ್ಬಳೇ ಮೂರು ಸಲ ಹೋಗಿ ಬಂದಳು. ಮೊದಲ ದಿನ ಹೆಡ್ ಮೇಡಂ ಮೀಟಿಂಗಿಗೆ ಹೋಗಿದ್ದರು. ಎರಡನೆಯ ದಿನ ಕಪಾಟಿನ ಕೀಲಿ ಇದ್ದವರು ಗಣತಿಗೆ ಹೋಗಿದ್ದರು. ಮೂರನೆಯ ದಿನ ಮೇಡಂ ಇದ್ದರು, ಕೀಲಿಯೂ ಇತ್ತು, ಆದರೆ ಪರೀಕ್ಷೆ ನಡೆಯುತ್ತಿತ್ತು. ಮೂರು ದಿನ ಮಾತ್ರ ಉಳಿದವು.

"ನೀ ಕೇಳೋ ರೀತಿ ಸರಿ ಇಲ್ಲ. ನಾ ತೋರಸ್ತೀನಿ ಬಾ" ಅಂದೆ.

ಈಗ ಹೇಳುವುದನ್ನು ಯಾರ ಮುಂದೆ ಬೇಕಾದರೂ ಆಣೆ ಮಾಡಿ ಹೇಳುತ್ತೇನೆ: ನಾನು ಅಧಿಕಾರಿ ಅಂತ ಒಂದು ಸಲವೂ ಹೇಳಲಿಲ್ಲ. ಅಲ್ಲ ಅಂತಲೂ ಹೇಳಲಿಲ್ಲ, ಅದು ಬೇರೆ ಮಾತು. ಬಿಳಿ ಅಂಗಿ ತೊಟ್ಟೆ, ಇನ್‌ಶರ್ಟ್ ಮಾಡಿದೆ, ಚಾಳೀಸು ಮೂಗಿನ ತುದಿಗೆ ಇಳಿಸಿದೆ, ಬಗಲಲ್ಲಿ ಖಾಲಿ ಫೈಲು ಹಿಡಿದೆ. ಮುಖ್ಯವಾದದ್ದು ಇದಾವುದೂ ಅಲ್ಲ, ಮೌನ. ಇಪ್ಪತ್ತು ವರ್ಷ ಕಚೇರಿಗಳ ಎದುರು ಕೂತು ಕಲಿತದ್ದು ಇಷ್ಟೇ: ದಫ್ತರದೊಳಗೆ ಬಂದು ಮಾತಾಡುವವನು ಅರ್ಜಿದಾರ, ಸುಮ್ಮನೆ ನಿಂತು ಗೋಡೆ ನೋಡುವವನು ಸಾಹೇಬ.

ಒಳಗೆ ಹೋಗಿ ಗೋಡೆ ನೋಡಿದೆ. ಗೋಡೆಯ ಮೇಲೆ ಒಂದು ಹಲ್ಲಿ ಇತ್ತು. "ಹೂಂ" ಅಂದೆ.

ಎರಡು ನಿಮಿಷದಲ್ಲಿ ಕುರ್ಚಿ ಬಂತು, ಚಹಾ ಬಂತು, ಬಿಸ್ಕೀಟು ಬಂದವು. ಹೆಡ್ ಮೇಡಂ ಹಾಜರಿ ಪುಸ್ತಕ ತಂದರು, ಬಿಸಿಯೂಟದ ಪುಸ್ತಕ ತಂದರು, ಮೊಟ್ಟೆ ಹಂಚಿದ ಪುಸ್ತಕ ತಂದರು. ಕೇಳದೆಯೇ ಹೊಸ ಶೌಚಾಲಯ ತೋರಿಸಿದರು. ನಾನು ಎಲ್ಲದಕ್ಕೂ "ಹೂಂ" ಅಂದೆ. ಕೊನೆಗೆ, ಬಹಳ ಸಹಜವಾಗಿ, "ಹಳೆಯ ದಾಖಲಾತಿ ವಹಿ?" ಅಂದೆ.

ಮೇಡಂ ಚಪರಾಸಿಯ ಮುಖ ನೋಡಿದರು, ಚಪರಾಸಿ ಹಲ್ಲಿಯ ಮುಖ ನೋಡಿದ.

"ಅದು... ಬೈಂಡಿಂಗಿಗೆ ಹೋಗ್ಯಾದ್ರಿ ಸರ್."

ಹಳೆಯ ವಹಿಯಲ್ಲಿ ಎಷ್ಟು ಖಾನೆ ಖಾಲಿ ಇವೆ ಎಂದು ಗೊತ್ತಿದ್ದವರು ಅದನ್ನು ಸಾಹೇಬರಿಗೆ ಹೇಗೆ ತೋರಿಸುತ್ತಾರೆ? ಅರ್ಜಿದಾರನಾಗಿ ಹೋದರೆ ನಾಳೆಯಾದರೂ ಸಿಗುವಂಥದ್ದು, ಸಾಹೇಬನಾಗಿ ಹೋದದ್ದಕ್ಕೆ ಎಂದಿಗೂ ಸಿಗದ ಹಾಗಾಯಿತು.

ಗೇಟಿನ ಹತ್ತಿರ ಬೇವಿನ ನೆರಳಲ್ಲಿ ಅಕ್ಕ ನಿಂತಿದ್ದಳು. "ಸಿಕ್ತೇನು?"

"ಚಾ ಸಿಕ್ತು."

"ಒಳಗ ಏನೋ ಬರದಿ ಅಲ್ಲ, ನಾ ಕಿಟಕಿದಾಗ ನೋಡಿದೆ."

"ಭೇಟಿ ಪುಸ್ತಕ ಮುಂದ ಇಟ್ಟರು. ಏನರ ಬರೀಬೇಕಲ್ಲ! 'ಮೊಟ್ಟೆ ಚೆನ್ನಾಗಿವೆ' ಅಂತ ಬರದೀನಿ."

ಅಕ್ಕ ಹಣೆ ಹಿಡಿದುಕೊಂಡಳು. "ನಾಳೆ ನಾನೇ ಕೇಳತೀನಿ. ನೀ ನನ್ನ ಹಿಂದ ಬಾ. ಸಾಹೇಬ ಆಗಿ ಅಲ್ಲ, ತಮ್ಮ ಆಗಿ ಬಾ. ಬಾಯಿ ತೆಗೀಬ್ಯಾಡ."

ಗೈರುಹಾಜರಿಗೆ ಕಾರಣ

ಮರುದಿನ ಹೆಡ್ ಮೇಡಂ ನನ್ನನ್ನು ನೆತ್ತಿಯಿಂದ ಚಪ್ಪಲಿಯವರೆಗೆ ನೋಡಿದರು. "ನಿನ್ನೆ ಬಂದ ಸಾಹೇಬ್ರು..."

"ಇವ್ರು ಝೆರಾಕ್ಸ್ ಅಂಗಡಿಯವ್ರು ಮೇಡಂ" ಅಂದ ಚಪರಾಸಿ. ಆ ದಿನ ಬೆಳಗ್ಗೆಯೇ ನನ್ನಲ್ಲಿ ಆಧಾರ್ ಕಾರ್ಡಿನ ಪ್ರತಿ ತೆಗೆಸಿದ್ದ, ಚಾಂಡಾಲ.

ಮೇಡಂ ಸಿಟ್ಟು ಏರುವ ಮೊದಲೇ ಅಕ್ಕ ಕೈ ಮುಗಿದಳು. "ಇಂವ ನನ್ನ ತಮ್ಮ ಮೇಡಂ. ಸಣ್ಣಾಂವ ಇದ್ದಾಗಿಂದ ಹಿಂಗ. ಮಾಫ್ ಮಾಡ್ರಿ. ನಾ ಈ ಸಾಲಿ ಹುಡುಗಿ. ನನ್ನ ಟಿಸಿ ಬೇಕಾಗ್ಯಾದ. ನಾಳೆ ಕೊನೀ ದಿನ." ಅರ್ಜಿ ಮುಂದಿಟ್ಟಳು. ನನ್ನ ಕೈಯದಲ್ಲ, ತಾನೇ ಬರೆದದ್ದು, ಗುಂಡು ಗುಂಡು ಅಕ್ಷರ. ಮೇಡಂ ಅದನ್ನು ಓದಿದರು. ಆಮೇಲೆ ಎದ್ದು, ಬೈಂಡಿಂಗಿಗೆ ಹೋಗಿದ್ದ ವಹಿಯನ್ನು ತಮ್ಮ ಬೆನ್ನ ಹಿಂದಿನ ಕಪಾಟಿನಿಂದಲೇ ತೆಗೆದರು.

ಅಕ್ಕನ ಹೆಸರು ಇತ್ತು. ಸೇರಿದ ತಾರೀಖು ಇತ್ತು. ಶಾಲೆ ಬಿಟ್ಟ ತಾರೀಖು ಖಾಲಿ. ಬಿಡಲು ಕಾರಣ ಖಾಲಿ.

"ನೀವು ಸಾಲಿ ಬಿಟ್ಟೇ ಇಲ್ಲಲ್ರಿ" ಅಂದರು ಮೇಡಂ.

"ಮೂವತ್ತೆಂಟು ವರ್ಷ ಆತ್ರಿ ಬಿಟ್ಟು."

"ದಾಖಲೆ ಪ್ರಕಾರ ನೀವು ಇನ್ನಾ ಏಳನೇ ಇಯತ್ತೆ. ಬರೇ ಗೈರುಹಾಜರಿ ಅಷ್ಟ. ಯಾಕ ಬರಲಿಲ್ಲ ಅಂತ ಕಾರಣ ಬರದು ಕೊಡ್ರಿ, ಅದನ್ನ ಹಚ್ಚಿ ಟಿಸಿ ಕೊಡತೀನಿ."

ಅಕ್ಕ ಕಾಗದ ನನ್ನ ಕಡೆ ಸರಿಸಿದಳು. "ಬರಿ ತಮ್ಮಾ. ಇದು ನಿನ್ನ ಕಸಬು."

ಕಾರಣ ಬರೆಯುವುದು ಖರೇನೇ ನನ್ನ ಕಸಬು. ಊರ ಮಂದಿಯ ಜ್ವರ, ಮದುವೆ, ಬಸ್ಸು ತಪ್ಪಿದ್ದು, ಅಜ್ಜಿ ಸತ್ತದ್ದು, ಒಬ್ಬರ ಅಜ್ಜಿಯನ್ನಂತೂ ನಾನೇ ಮೂರು ಸಲ ಸಾಯಿಸಿದ್ದೇನೆ. ಆದರೆ ಆ ದಿನ ಪೆನ್ನು ಏಳಲಿಲ್ಲ. ಯಾಕೆಂದರೆ ಕಾರಣ ನಾನು.

ಆಗ ನನಗೆ ಒಂಬತ್ತು ವರ್ಷ, ಅದೇ ಶಾಲೆಯಲ್ಲಿ ಮೂರನೇ ಇಯತ್ತೆ. ದಿನಾ ಅಕ್ಕ ನನ್ನ ಮುಂಗೈ ಹಿಡಿದು ಶಾಲೆಗೆ ಎಳೆದುಕೊಂಡು ಹೋಗುತ್ತಿದ್ದಳು. ಸಂಜೆ ನನ್ನ ದಿನದ ಕಿತಾಪತಿಯನ್ನೆಲ್ಲ ಅಪ್ಪನಿಗೆ ಒಪ್ಪಿಸುತ್ತಿದ್ದಳು. ಒಂದು ವಾರವಾದರೂ ಅವಳಿಲ್ಲದೆ ಶಾಲೆಗೆ ಹೋಗಬೇಕು ಅನಿಸಿತು. ಅಪ್ಪ ಹೊಲಿಗೆ ಯಂತ್ರದ ಮುಂದೆ ಕೂತಾಗ ಹೇಳಿದೆ: "ಏಳನೇ ಇಯತ್ತೆ ಕೋಣಿ ದುರಸ್ತಿ ಅದಂತ. ಮುಗಿದ ಮ್ಯಾಲ ಹೇಳಿ ಕಳಸ್ತಾರಂತ. ಅಲ್ಲೀತನ ಅಕ್ಕ ಬರೋದು ಬ್ಯಾಡಂತ." ಆ ಕೋಣೆ ಸೋರುತ್ತಿತ್ತು, ಆದ್ದರಿಂದ ಸುಳ್ಳು ಗಟ್ಟಿಯಾಗಿ ನಿಂತಿತು.

ನಮ್ಮಪ್ಪ ಕರೆಯದೆ ಎಲ್ಲಿಗೂ ಹೋಗುವ ಮನುಷ್ಯನಲ್ಲ. ಸ್ವಂತ ತಮ್ಮನ ಮದುವೆಗೂ ಮೂರು ಸಲ ಕರೆಸಿಕೊಂಡು ಹೋದವರು. ಹೇಳಿ ಕಳಿಸುತ್ತಾರೆ ಅಂದ ಮೇಲೆ ಕಾಯುವುದೇ ಮರ್ಯಾದೆ. ಕಾದರು. ಅದೇ ತಿಂಗಳು ಅವ್ವನಿಗೆ ಜ್ವರ ಬಂತು, ಅಕ್ಕ ನೀರು ತಂದಳು, ರೊಟ್ಟಿ ಬಡಿದಳು. ಅವ್ವನ ಜ್ವರ ಇಳಿದರೂ ಅಕ್ಕನ ಕೆಲಸ ಇಳಿಯಲಿಲ್ಲ. ಶಾಲೆಯಿಂದ ಯಾರೂ ಹೇಳಿ ಕಳಿಸಲಿಲ್ಲ. ಸುಳ್ಳು ನನ್ನದು, ಅನುಕೂಲ ಎಲ್ಲರದು. ಐದು ವರ್ಷಕ್ಕೆ ಮೋರಖಂಡಿಯ ಸಂಬಂಧ ಬಂತು. ನಾನು ಬಾಯಿ ಬಿಡಲೇ ಇಲ್ಲ.

ಇದಿಷ್ಟನ್ನೂ ಬರೆದೆ. ಉಪ್ಪಿಲ್ಲ, ಖಾರವಿಲ್ಲ. ಅಕ್ಕನ ಕೈಗೆ ಕೊಟ್ಟು, ಗೋಡೆಯ ಹಲ್ಲಿಯನ್ನು ನೋಡುತ್ತ ನಿಂತೆ.

ಅಕ್ಕ ನಿಧಾನಕ್ಕೆ ಓದಿದಳು. ಆಮೇಲೆ ನಗಲು ಶುರು ಮಾಡಿದಳು. ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು.

"ಅಯ್ಯ ಹುಚ್ಚಾ, ಇದು ನನಗ ಮೂರನೇ ದಿನಾನೇ ಮಾಲೂಮ್ ಆಗಿತ್ತು. ಹಿಂದಿನ ಓಣಿಯಿಂದ ಬಂದು ಕಿಟಕಿದಾಗ ನೋಡಿದ್ದೆ. ನನ್ನ ಗೆಳತ್ಯಾರು ಎಲ್ಲ ಕುಂತು ಪಾಠ ಕೇಳಾಕತ್ತಿದ್ರು."

"ಮತ್ತ ಅಪ್ಪಗ ಯಾಕ ಹೇಳಲಿಲ್ಲ?"

"ಹೇಳಿದ್ರ ಅಪ್ಪ ಅಳತಿ ಕಟಗಿ ತಗೊಂಡು ನಿನ್ನ ಬೆನ್ನಿಂದು ಅಳತಿ ತಗೋತಿದ್ರು. ಇಷ್ಟ ಇದ್ದಿ ನೀ." ಕೈಯನ್ನು ಮೇಜಿನ ಎತ್ತರಕ್ಕೆ ಹಿಡಿದು ತೋರಿಸಿದಳು. "ಖರೇ ಹೇಳಬೇಕಂದ್ರ ಆ ವಾರ ಬೀಜಗಣಿತದ ಪರೀಕ್ಷಾ ಇತ್ತು. ನಾಕ್ ದಿನ ತಪ್ಪಿತು ಅಂತ ನನಗೂ ಖುಷಿ ಆಗಿತ್ತು. ಆ ಮ್ಯಾಲ ಹೋಗತೀನಿ ಅಂದ್ರ, ಕರೀದ ಹ್ಯಾಂಗ ಹೋಗತಿ ಅಂದ್ರು ಅಪ್ಪ. ನಿನ್ನ ಹೆಸರು ಹೇಳದ ಸಾಲಿಗೆ ಹೋಗಾಕ ನನಗ ಬ್ಯಾರೆ ದಾರಿ ಇದ್ದಿಲ್ಲ. ಹೇಳಲಿಲ್ಲ."

ಊರಿಗೆಲ್ಲ ಟೋಪಿ ಹಾಕಿದವನು ಅಂತ ಇಷ್ಟು ವರ್ಷ ಮೆರೆದವನು ನಾನು. ಮೊದಲ ಟೋಪಿ ಹಾಕಿಸಿಕೊಂಡವಳು ಅದನ್ನು ಬೇಕಂತಲೇ ತಲೆ ಮೇಲೆ ಇಟ್ಟುಕೊಂಡು ಕೂತಿದ್ದಳು. ನನ್ನ ಬೆನ್ನಿಗಾಗಿ.

ಅಕ್ಕ ನನ್ನ ಕಾಗದವನ್ನು ನಾಲ್ಕು ತುಂಡು ಮಾಡಿ ಪರ್ಸಿಗೆ ಹಾಕಿಕೊಂಡು, ಹೊಸ ಹಾಳೆಯ ಮೇಲೆ ತಾನೇ ಬರೆದಳು: "ಕೋಣೆ ದುರಸ್ತಿ ಇದೆ, ಮುಗಿದ ಮೇಲೆ ಹೇಳಿ ಕಳಿಸುತ್ತಾರೆ ಎಂದು ತಿಳಿದುಬಂದಿದ್ದರಿಂದ ಮನೆಯಲ್ಲಿ ಕಾಯುತ್ತಿದ್ದೆ. ಇಲ್ಲಿಯವರೆಗೆ ಹೇಳಿ ಕಳಿಸಿರುವುದಿಲ್ಲ."

ಮೇಡಂ ಅದನ್ನು ಎರಡು ಸಲ ಓದಿದರು. ಚಪರಾಸಿ ಅವರ ಹೆಗಲ ಮೇಲಿಂದ ಇಣುಕಿದ. "ಮೇಡಂ, ಆ ಕೋಣಿ ಇನ್ನಾ ದುರಸ್ತಿ ಆಗೇ ಇಲ್ಲಲ್ರಿ!"

ಮೇಡಂ ಮುಖ ಅರಳಿತು. "ಝೆರಾಕ್ಸ್ ಸಾಹೇಬ್ರ, ಇದರದು ನಾಕ್ ಪ್ರತಿ ಬೇಕು. ಆರು ವರ್ಷದಿಂದ ದುರಸ್ತಿಗೆ ಬರಿಯಾಕತ್ತೀನಿ. ಆ ಕೋಣಿಯಿಂದ ಯಾವ ವಿದ್ಯಾರ್ಥಿಗೆ ತೊಂದರೆ ಆಗ್ಯಾದ, ಪುರಾವೆ ಹಚ್ರಿ ಅಂತ ವಾಪಸ್ ಕಳಸ್ತಾರ. ಪುರಾವೆ ತಾನೇ ನಡಕೋತ ಬಂದದ!"

ಟಿಸಿ ಸಿಕ್ಕಿತು. ಕೊನೆಯ ದಿನ ಹೈಸ್ಕೂಲಿನ ಗುಮಾಸ್ತರು ಬಾಗಿಲು ಹಾಕುವ ಮುನ್ನ ಅರ್ಜಿಯೂ ಒಳಗೆ ಹೋಯಿತು. ಅಕ್ಕ ಮೋರಖಂಡಿಗೆ ಹೋಗಿ ಓದಲು ಕೂತಳು. ನನ್ನ ಸುಳ್ಳು ಮಾತ್ರ ನಾಲ್ಕು ಪ್ರತಿಯಾಗಿ, ಮೊಹರು ಹಾಕಿಸಿಕೊಂಡು, ಸರ್ಕಾರದ ಕಡೆ ಹೋಯಿತು.

ಪರೀಕ್ಷೆಗೆ ಹದಿನೈದು ದಿನ ಇದ್ದಾಗ ಅದೇ ಚಪರಾಸಿ ಅಂಗಡಿಗೆ ಬಂದ. ಮುಂದಿನದನ್ನು ನಾನು ಹೇಳಿದರೆ ಊರಲ್ಲಿ ಯಾರೂ ನಂಬುವುದಿಲ್ಲ, ನೀವೂ ನಂಬಬೇಡಿ. "ಮೇಡಂ ಹೇಳಿ ಕಳಿಸ್ಯಾರ್ರಿ" ಅಂದ. "ಏಳನೇ ಇಯತ್ತೆ ಕೋಣಿ ದುರಸ್ತಿ ಮುಗೀತು. ನಿಮ್ಮ ಅಕ್ಕಾರಿಗೆ ಒಮ್ಮೆ ಬರಾಕ ಹೇಳ್ರಿ."

ಯಂತ್ರ ನಿಲ್ಲಿಸಿ ಫೋನ್ ಹಚ್ಚಿದೆ.

"ಅಕ್ಕಾ, ಸಾಲಿಯಿಂದ ಹೇಳಿ ಕಳಿಸ್ಯಾರ. ಕೋಣಿ ದುರಸ್ತಿ ಆತಂತ. ನಿನಗ ಬರಾಕ ಹೇಳ್ಯಾರ."

ಆ ಕಡೆ ಪುಟ ತಿರುವುವ ಸಪ್ಪಳ ನಿಂತಿತು. ಆಮೇಲೆ ಅಕ್ಕ ಮೂಗು ಏರಿಸಿಕೊಂಡು ಹೇಳಿದಳು:

"ಈ ಸಲ ನಿನ್ನ ಬಾಯಿಂದ ಕೇಳಂಗಿಲ್ಲ. ಚಪರಾಸಿ ಕೈಯಾಗ ಫೋನ್ ಕೊಡು."